ಶಾರ್ಕಿನ ಬೆಳಕು, ನೊಣದ ಬಿಸಿಲು

"ಮಾಸ್ತರೇ, ನಾನು ತಾಳಮದ್ದಲೆ ಬಿಟ್ಟುಬಿಡ್ಲಾ?" ಅಂತ ವಿನೋದಿನಿ ಕೇಳಿದಳು.

ಕಾರಣ ಇತ್ತು. ತಾಳಮದ್ದಲೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲೇ ವಾದ ಮಾಡೋದೇ ಆಟ. ಹಿಂದಿನ ದಿನದ ಅಭ್ಯಾಸದಲ್ಲಿ ಅವಳು ರಾಯಭಾರಿ, ಹಿರಿಯರಾದ ಶಂಭು ಗಾಂವ್ಕರ್ರು ರಾಜ. ರಾಜ್ಯ ಕೊಡೋದಿಲ್ಲ ಅಂದ್ರು ರಾಜ. ಹಿರಿಯರಿಗೆ ಎದುರು ಮಾತಾಡೋದು ಹೇಗೆ ಅಂತ ಇವಳು, ನೀವು ಹೇಳೋದೇ ಸರಿ ಅಂದುಬಿಟ್ಟಳು. ಪ್ರಸಂಗ ಅಲ್ಲಿಗೇ ಮುಗೀತು. ಭಾಗವತರು ಜಾಗಟೆ ಕೆಳಗಿಟ್ಟು ಚಾ ಕುಡಿಯೋಕೆ ಎದ್ದುಹೋದ್ರು. ನಾಡಿದ್ದು ಊರವರ ಎದುರಿಗೆ ಅವಳ ಮೊದಲ ಕೂಟ.

"ಕೂತ್ಕೊ ಮಾರಾಯ್ತಿ, ಒಂದು ಕತೆ ಹೇಳ್ತೇನೆ" ಅಂದ್ರು ಪರಮಯ್ಯ ಮಾಸ್ತರು. "ಈ ಸಲ ಒಂದಕ್ಷರ ಸುಳ್ಳಿಲ್ಲ. ಮದ್ದಲೆ ಮುಟ್ಟಿ ಹೇಳ್ತೇನೆ." ಉಳಿದ ಶಿಷ್ಯರು ಮುಖ ಮುಖ ನೋಡಿಕೊಂಡ್ರು.

"ಆಳ ಸಮುದ್ರದಲ್ಲಿ ಒಂದು ಗಿಡ್ಡ ಶಾರ್ಕ್ ಮೀನು. ಹೊಟ್ಟೆಯಡಿಯೆಲ್ಲ ಅದರದ್ದೇ ಬೆಳಕು. ಬೆಳಕು ಯಾಕೆ ಗೊತ್ತಾ? ಅಡಗೋಕೆ. ಮೇಲಿಂದ ಬರೋ ಬೆಳಕಿಗೆ ತನ್ನದನ್ನ ಸರಿಹೊಂದಿಸಿ, ನೆರಳೇ ಕಾಣದ ಹಾಗೆ ಮಾಡಿ, ಕೆಳಗಿದ್ದವರಿಗೆ ಕಾಣದ ಹಾಗೆ ಈಜುತ್ತೆ. ಇತ್ತ ಕಾಡಲ್ಲಿ ಒಂದು ನೊಣ. ಅದಕ್ಕೆ ಸ್ವಂತ ಬೆಳಕಿಲ್ಲ. ಎಲೆ ಸಂದಿಯಿಂದ ಅಂಗೈ ಅಗಲ ಬಿಸಿಲು ಬಿದ್ರೆ ಸಾಕು, ನಡುವೆ ಹೋಗಿ ಗಾಳಿಯಲ್ಲೇ ನಿಲ್ಲುತ್ತೆ. ಕಣಜದ ಹುಳ ಬಂದ್ರೂ ಜಾಗ ಬಿಡೋದಿಲ್ಲ, ಎದುರು ನುಗ್ಗುತ್ತೆ. ಬಿಸಿಲು ಸರಿದ್ರೆ ತಾನೂ ಸರಿಯುತ್ತೆ."

ಒಂದು ದಿನ ಈ ನೊಣ ಶಾರ್ಕನ್ನ ಮಾತಾಡಿಸೋಕೆ ಸಮುದ್ರಕ್ಕೆ ಇಳೀತಂತೆ. ಮಾಸ್ತರಿಗೆ ಹುರುಪು ಏರಿತು. ನೂರು ಮಾರು ಆಳಕ್ಕೆ ಹಾರಿಕೊಂಡೇ ಹೋಯ್ತು ಅಂದ್ರು. ರೆಕ್ಕೆ ಒದ್ದೆ ಆಗ್ಲಿಲ್ಲ ಅಂದ್ರು. ಶಾರ್ಕು ಅದಕ್ಕೆ ಒಂದು ತುಂಡು ಬೆಲ್ಲ ಕೊಟ್ಟು ಉಪಚಾರ ಮಾಡ್ತು ಅಂದ್ರು. ತಾನು ಪಕ್ಕದಲ್ಲೇ ಕೂತು ನೋಡಿದ್ದು ಅಂತಲೂ ಸೇರಿಸಿದ್ರು.

ವಿನೋದಿನಿಗೆ ತಡೆಯೋಕೆ ಆಗ್ಲಿಲ್ಲ.

"ಸುಳ್ಳು, ಮಾಸ್ತರೇ. ನೀರೊಳಗೆ ನೊಣ ಹಾರೋದುಂಟಾ? ಸಮುದ್ರದ ಅಡಿಯಲ್ಲಿ ಬೆಲ್ಲ ಕರಗದೆ ಉಳಿಯೋದುಂಟಾ? ಹೊಳೆ ದಾಟೋಕೆ ದೋಣಿ ಹತ್ತಲ್ಲ ನೀವು, ಅಲ್ಲಿಗೆ ಹೋದದ್ದು ಹೇಗೆ? ಮೊದಲು ಇದಕ್ಕೆ ಉತ್ತರ ಕೊಡಿ, ಕತೆ ಆಮೇಲೆ."

ಮಾಸ್ತರು ಕತೆ ಮುಂದುವರಿಸ್ಲಿಲ್ಲ. ಅವಳನ್ನೇ ನೋಡ್ತಾ ಮೆಲ್ಲಗೆ ಅಂದ್ರು:

"ಶಂಭು ಗಾಂವ್ಕರ್ರು ನನಗಿಂತ ಹತ್ತು ವರ್ಷ ಚಿಕ್ಕವರು, ಮಾರಾಯ್ತಿ."