ಅಂಜೂರದ ಕಡ್ಡಿಗೆ ಬೇರು ಬರಿಸಿದ ಕೊಟ್ರ

ಕೇಳ್ರಿ. ನಗು ಬಂದಲ್ಲಿ ನಕ್ಕುಬಿಡ್ರಿ, ನಾನೇನೂ ಅಂದುಕೊಳ್ಳೋದಿಲ್ಲ. ಕಡೆಗೆ ನಗು ಬಾರದೆ ಹೋದರೆ ಮಾತ್ರ ನನ್ನನ್ನು ಬೈಯಬೇಡ್ರಿ. ಕತೆ ಇರೋದೇ ಹಾಗೆ.

ಊರಾಚೆ ಒಂದು ಹೊಲದ ಮನೆ. ಅಲ್ಲಿ ಪಾರವ್ವ ಅಂತ ಒಬ್ಬ ಹೆಂಗಸು, ಅವಳಿಗೆ ಕೊಟ್ರ ಅಂತ ಒಬ್ಬನೇ ಮಗ. ಆಳು ನೋಡಿದರೆ ಎತ್ತಿನಂಥವನು, ತಲೆ ನೋಡಿದರೆ ಖಾಲಿ ಕೊಡ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ಅದೇ ಪಾರವ್ವನ ಗೋಳು.

ಹಿತ್ತಲಲ್ಲಿ ಒಂದು ಅಂಜೂರದ ಮರ. ತೀರಿಹೋದ ಗಂಡ ಮುದುಕಪ್ಪ ನೆಟ್ಟದ್ದು. ಪಾರವ್ವ ದಿನಾ ಆ ಮರದ ಜೊತೆ ಮಾತಾಡುತ್ತಿದ್ದಳು. ಮಾತಾಡಿ ಸುಮ್ಮನಾಗುತ್ತಿದ್ದಳು, ಏನೋ ಕೇಳಿಸಿಕೊಂಡವಳಂತೆ ಹೂಂ ಹೂಂ ಅನ್ನುತ್ತಿದ್ದಳು. ಆ ವರ್ಷ ಮರಕ್ಕೆ ಹುಳು ಬಿತ್ತು. ಒಂದೊಂದೇ ಟೊಂಗೆ ಒಣಗತೊಡಗಿತು.

"ಇದು ಹೋದ್ರ ನಿಮ್ಮಪ್ಪ ಎರಡನೇ ಸಲ ಸತ್ತಂಗ ಕೊಟ್ರಾ. ಒಂದಾದ್ರೂ ಸಸಿ ಉಳಿಸ್ಕೋಬೇಕು," ಅಂದಳು.

ನರ್ಸರಿಯ ಮೌಲಾಸಾಬ ಬೇರು ಬರಿಸುವ ಹಾರ್ಮೋನ್ ಪುಡಿ ಕೊಟ್ಟ. ಪಾರವ್ವ ಪೊಟ್ಟಣವನ್ನು ಗೋಡೆಯ ಗೂಡಿನಲ್ಲಿಟ್ಟು, "ಹತ್ತು ಕಡ್ಡಿ ಕಡಿ. ಬುಡಕ್ಕ ಗೂಡಿನಾಗಿನ ಬಿಳೀ ಪುಡಿ ಹಚ್ಚಿ ನೆಡು!" ಅಂದಳು.

ಕೊಟ್ರ ಕಡ್ಡಿ ಕಡಿದ. ಗೂಡಿಗೆ ಕೈ ಹಾಕಿದ. ಕೈಗೆ ಸಿಕ್ಕಿದ್ದು ವಿಭೂತಿ. ಒಂದೊಂದು ಕಡ್ಡಿಗೂ ಮೂರು ಪಟ್ಟಿ ಎಳೆದ, ಕೈ ಮುಗಿದ, ನೆಟ್ಟ. ಹತ್ತೂ ಕೊಳೆತವು.

"ಲೇ ಹುಚ್ಚ್ಯಾ! ಅದು ವಿಭೂತಿ! ಮನುಷ್ಯಾರ ಹಣಿಗೆ ಹಚ್ಚೋದು! ಪೊಟ್ಟಣದಾಗಿಂದು ಔಷಧ. ಮಣ್ಣಾಗ ಏನು ಹುಗಿದ್ರೂ ಇದರಾಗ ಅದ್ದಿ ಹುಗೀಬೇಕು!"

"ಹೂಂ ಯವ್ವಾ."

ಮರುದಿನ ಎಮ್ಮೆಯ ಗೂಟ ಸಡಿಲಾಗಿತ್ತು. "ಕಿತ್ತು ಆ ಕಡೆ ಹುಗಿ," ಅಂದಳು ಪಾರವ್ವ. ಕೊಟ್ರ ಗೂಟವನ್ನು ಪುಡಿಯಲ್ಲಿ ಅದ್ದಿದ. ಇಡೀ ಪೊಟ್ಟಣ ಖರ್ಚು ಮಾಡಿದ. ಹುಗಿದ.

ಎಂಟು ದಿನ ಕಳೆಯಿತು. ಎಮ್ಮೆ ಗೂಟದ ಹತ್ತಿರ ಹೋಗಲೊಲ್ಲದು! ಹಗ್ಗ ಎಳೆದುಕೊಂಡು ದೂರ ನಿಂತು ನಡುಗುತ್ತಿತ್ತು. ಪಾರವ್ವ ಗೂಟ ಕೀಳಲು ಹೋದಳು. ಬರಲಿಲ್ಲ. ಮಾವನ ಕಾಲದ ಜಾಲಿ ಗೂಟ ಅದು, ಒಣಗಿ ಎಲುಬಾಗಿದ್ದ ಕಟ್ಟಿಗೆ. ಬೆರಳಿನಿಂದ ಬುಡ ಕೆದರಿದಳು. ಒಳಗೆ ನೂಲಿನಂಥ ಬಿಳೀ ಬೇರುಗಳು. ಮುಟ್ಟಿದರೆ ಬೆಚ್ಚಗಿದ್ದವು. ಪಾರವ್ವ ಗಡಬಡಿಸಿ ಮಣ್ಣು ಮುಚ್ಚಿ ಸೀರೆಗೆ ಕೈ ಒರೆಸಿಕೊಂಡಳು. ಅವಳಿಗೆ ಹೆದರಿಕೆಯಾಗಿತ್ತು. ಹೆದರಿಕೆಗೆ ಬೈಗುಳವೇ ಬಾಯಿಗೆ ಬಂತು.

"ಸತ್ತ ಕಟ್ಟಿಗಿಗೆ ಯಾರಾದ್ರೂ ಔಷಧ ಹಚ್ತಾರೇನಲೇ! ಮೊದ್ಲು ಜೀವ ಐತೋ ಇಲ್ಲೋ ನೋಡ್ಬೇಕು. ಉಗುರಿನಿಂದ ಗೀರಬೇಕು. ಒಳಗ ಹಸಿರು ಕಂಡ್ರ ಜೀವ ಐತಿ. ಕಾಣ್ಲಿಲ್ಲಂದ್ರ ಇಲ್ಲ!"

"ಹೂಂ ಯವ್ವಾ."

ಪಕ್ಕದ ಹೊಲದ ಸಂಕವ್ವಜ್ಜಿ ಜ್ವರ ಬಂದು ಮಲಗಿದ್ದಳು. "ಈ ಗಂಜಿ ಕೊಟ್ಟು, ಅಜ್ಜಿ ಹೆಂಗದಾಳ ನೋಡ್ಕೊಂಡು ಬಾ," ಅಂತ ಪಾರವ್ವ ಮಗನನ್ನು ಕಳಿಸಿದಳು. ಕೊಟ್ರ ಹೋದ. ಅಜ್ಜಿ ಕಣ್ಣು ಮುಚ್ಚಿ ಮಲಗಿದ್ದಳು. ಹೆಂಗದಾಳ ಅಂತ ನೋಡಬೇಕಲ್ಲ? ತೋಳು ಹಿಡಿದು ಉಗುರಿನಿಂದ ಗೀರಿದ.

"ಅಯ್ಯಯ್ಯೋ! ಏನಲೇ ಭಾಡ್ಯಾ!" ಅಂತ ಅಜ್ಜಿ ಎದ್ದು ಕೂತಳು.

"ಹಸಿರಿಲ್ಲಬೇ ಅಜ್ಜಿ. ನಿನ್ನೊಳಗ ಜೀವ ಇಲ್ಲ."

ಅಜ್ಜಿ ಬೈಯುವುದನ್ನು ನಿಲ್ಲಿಸಿದಳು. ಗೀರಿದ ಜಾಗವನ್ನು ಬಹಳ ಹೊತ್ತು ನೋಡಿದಳು. "ಹೌದೇನೋ?" ಅಂದಳು. ಗೋಡೆಯ ಕಡೆ ತಿರುಗಿ ಮಲಗಿದಳು. ದನ ಮನೆಗೆ ಬರುವಷ್ಟರಲ್ಲಿ ಅಜ್ಜಿ ಇರಲಿಲ್ಲ.

ಪಾರವ್ವ ಎದೆ ಎದೆ ಬಡಿದುಕೊಂಡಳು. "ಮನುಷ್ಯಾರನ್ನ ಗೀರ್ತಾರೇನಲೇ, ಪಾಪಿ! ಗೀರಿ ಬಾಯಿಗೆ ಬಂದದ್ದು ಆಡೋದಲ್ಲ! ಯಾವುದಾದ್ರೂ ಆಗ್ಲಿ, ದಿನಾ ಹೋಗಿ ಮ್ಯಾಲೂ ಕೆಳಗೂ ಸರಿಯಾಗಿ ನೋಡ್ಬೇಕು!"

"ಹೂಂ ಯವ್ವಾ."

ಮೌಲಾಸಾಬ ಈ ಸಲ ಪುಡಿ ಬಿಟ್ಟು ಜೆಲ್ ಕೊಟ್ಟ. ಸಣ್ಣ ಡಬ್ಬಿ, ಅಂಟಿನಂಥ ಔಷಧ. ಪಾರವ್ವ ತಾನೇ ಆರು ಕಡ್ಡಿ ಅದ್ದಿ ನೆಟ್ಟಳು. ಕೊಟ್ರ ದಿನಾ ಬೆಳಿಗ್ಗೆ ಹೋದ. ಒಂದೊಂದನ್ನೂ ಕಿತ್ತ, ಮೇಲೆ ನೋಡಿದ, ಕೆಳಗೆ ನೋಡಿದ, ಮತ್ತೆ ಚುಚ್ಚಿದ. ಬರುತ್ತಿದ್ದ ಬೇರೆಲ್ಲ ಮುರಿದು ಆರೂ ಸತ್ತವು. ಮರದಲ್ಲಿ ಜೀವ ಇದ್ದದ್ದು ಇನ್ನು ಒಂದೇ ಒಂದು ಕಡ್ಡಿಗೆ.

ಪಾರವ್ವ ಈ ಸಲ ಕೂಗಾಡಲಿಲ್ಲ. ಮರಕ್ಕೆ ಹಣೆ ಹಚ್ಚಿ ಅತ್ತಳು. ಪಾಪ, ಅವಳಿಗೆ ಇನ್ನಾರಿದ್ದರು? ಮೌಲಾಸಾಬ, "ಬೆಚ್ಚಗ, ಕತ್ತಲಾಗ ಇಡವ್ವ. ಇಪ್ಪತ್ತೊಂದು ದಿನ ಯಾರೂ ಮುಟ್ಟಬಾರ್ದು," ಅಂದಿದ್ದ. ಅಂಗಳದಲ್ಲಿ ಹಳೇ ಹಗೇವು ಇತ್ತು. ಹಿಂದೆ ಜೋಳ ತುಂಬುತ್ತಿದ್ದ ನೆಲದೊಳಗಿನ ಗುಂಡಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಮೇಲೊಂದು ಚಪ್ಪಡಿ ಕಲ್ಲು. ಅದರೊಳಗೆ ಇಡೋಣ ಅಂದುಕೊಂಡಳು.

"ಕೊಟ್ರಾ, ಕೇಳಿಲ್ಲಿ. ಹಗೇವಿನಾಗ ಇಟ್ಟು ಕಲ್ಲು ಮುಚ್ಚಿದ ಮ್ಯಾಲೆ ಇಪ್ಪತ್ತೊಂದು ದಿನ ತೆಗೀಬ್ಯಾಡ. ಯಾರು ಹೇಳಿದ್ರೂ ತೆಗೀಬ್ಯಾಡ. ಜೀವ ತಡೀದ ನಾನಽ ತೆಗಿ ಅಂದ್ರೂ ತೆಗೀಬ್ಯಾಡ. ಕೂಗಿದ್ರೂ, ಬೈದ್ರೂ, ಅತ್ರೂ ತೆಗೀಬ್ಯಾಡ. ಅಪ್ಪನ ಮ್ಯಾಲೆ ಆಣಿ ಮಾಡು!"

"ಅಪ್ಪನ ಆಣಿ ಯವ್ವಾ."

ಪಾರವ್ವ ಕಡೆಯ ಕಡ್ಡಿಯನ್ನು ಕಡಿದು, ಉಳಿದ ಜೆಲ್ ಪೂರ್ತಿ ಹಚ್ಚಿ, ಮಣ್ಣಿನ ಗಡಿಗೆಯಲ್ಲಿ ನೆಟ್ಟಳು. ಗಡಿಗೆ ಎದೆಗವಚಿಕೊಂಡು ಏಣಿ ಇಳಿದಳು. ಒಳಗಿಂದ, "ಇಟ್ಟೆ ನೋಡಪಾ!" ಅಂದಳು.

ಇಟ್ಟಾಯಿತಲ್ಲ? ಕೊಟ್ರ ಏಣಿ ಎಳೆದುಕೊಂಡ. ಚಪ್ಪಡಿ ಮುಚ್ಚಿದ. ಜೋಳ ತುಂಬಿದಾಗ ಮಾಡುವಂತೆ ಸುತ್ತಲೂ ಸಗಣಿ ಮಣ್ಣು ಮೆತ್ತಿದ.

"ಲೇ! ತೆಗೀಲೇ!"

"ತೆಗಿಯಂಗಿಲ್ಲ ಯವ್ವಾ!"

"ನಾನಽ ಹೇಳಾಕತ್ತೀನಿ, ತೆಗಿ!"

"ನೀ ಹೇಳಿದ್ರೂ ತೆಗೀಬ್ಯಾಡ ಅಂದೀಯಲ್ಲ!"

ಪಾರವ್ವ ಕೂಗಿದಳು. ಬೈದಳು. ಆಮೇಲೆ ಅತ್ತಳು. ಕೊಟ್ರ ಚಪ್ಪಡಿಯ ಮೇಲೆ ಕೂತು, ಎಲ್ಲಾ ಅವ್ವ ಹೇಳಿದ್ದಂಗಽ ಆಗಾಕತ್ತೈತಿ ಅಂತ ತಲೆದೂಗಿದ. ಸಂಜೆಯ ಹೊತ್ತಿಗೆ ಕೆಳಗಿನ ದನಿ ಕೂಗುತ್ತಿರಲಿಲ್ಲ, ಸಣ್ಣಗೆ ಯಾರ ಜೊತೆಗೋ ಮಾತಾಡುತ್ತಿತ್ತು. ಮಾತಾಡಿ ಸುಮ್ಮನಾಗುತ್ತಿತ್ತು. ಹೂಂ ಹೂಂ ಅನ್ನುತ್ತಿತ್ತು.

ನಾಲ್ಕನೆಯ ದಿನ ಮೌಲಾಸಾಬ ಬಂದ. "ಅವ್ವ ಎಲ್ಲಪಾ?"

"ಬೇರು ಬರ್ಲಿ ಅಂತ ಹಗೇವಿನಾಗ ಇಟ್ಟೀನ್ರಿ."

ಮೌಲಾಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಹೋದ. ನೀವಿದ್ದಿದ್ದರೂ ನಗುತ್ತಿದ್ದಿರಿ, ಸುಳ್ಳು ಹೇಳಬೇಡ್ರಿ.

ಇಪ್ಪತ್ತೊಂದು ದಿನ ಆಯಿತು. ಕೊಟ್ರ ಮಣ್ಣು ಕೆತ್ತಿ ಚಪ್ಪಡಿ ಸರಿಸಿ ಬಗ್ಗಿದ. ಬಿಸಿಲು ಒಳಗೆ ಬಿತ್ತು. ಸಮಾಧಿಯಲ್ಲಿ ಕೂರಿಸಿದ ಹಾಗೆ ಪಾರವ್ವ ಗೋಡೆಗೊರಗಿ ನೆಟ್ಟಗೆ ಕೂತಿದ್ದಳು. ತೊಡೆಯ ಮೇಲೆ ಗಡಿಗೆ. ಕಡ್ಡಿಯ ತುಂಬ ಬೆಳ್ಳನೆಯ ಎಲೆ. ಬೇರು ಗಡಿಗೆಯನ್ನು ಸೀಳಿ ಹೊರಬಂದು, ಅವಳ ಸೀರೆಯ ಮೇಲೆ ಹರಿದು, ಬೆರಳುಗಳ ಸುತ್ತ ಸುತ್ತಿಕೊಂಡು ನೆಲಕ್ಕಿಳಿದಿತ್ತು.

ಕೊಟ್ರ ಕುಣಿದಾಡಿದ. "ಯವ್ವಾ! ಬೇರು ಬಂತು! ಈ ಸಲ ಒಂದೂ ತಪ್ಪಿಲ್ಲ! ಬೈಯಂಗಿಲ್ಲ ಹೌದಿಲ್ಲೋ?"

ಪಾರವ್ವ ಬೈಯಲಿಲ್ಲ.

ಕೊಟ್ರ ಕಾದ. ಏನೇ ಕೆಲಸ ಮಾಡಿದರೂ ಕಡೆಗೆ ಬೈಗುಳ ಇರುತ್ತಿತ್ತು, ಬೈಗುಳದ ಹಿಂದೆ ಮುಂದಿನ ಮಾತು ಇರುತ್ತಿತ್ತು. ಈಗ ಏನೂ ಇಲ್ಲ. ಅವನಿಗೂ ಅಳು ಬರುತ್ತದೆ ಅಂತ ಅವನಿಗೇ ಗೊತ್ತಿರಲಿಲ್ಲ.

"ಇನ್ನೂ ಪೂರ್ತಿ ಆಗಿಲ್ಲ ಕಾಣ್ತೈತಿ," ಅಂದ.

ಚಪ್ಪಡಿಯನ್ನು ಮತ್ತೆ ಮುಚ್ಚಿದ. ಸಗಣಿ ಮಣ್ಣು ಮೆತ್ತಿದ. ಅದರ ಮೇಲೆ ಕೂತು, ಒಂದು ಬೆರಳು ಮಡಚಿ, "ಒಂದು," ಅಂತ ಎಣಿಸಿದ.