ಖಾನೆಪೆಟ್ಟಿಗೆಯ ಶಿಸ್ತು

ಮಾಚಯ್ಯ ತನ್ನ ಕೈಯಾರೆ ಕಟ್ಟಿದ ಪುಟ್ಟ ವಿಮಾನದಲ್ಲಿ ಸೀಟಿನ ಹಿಂದೆ ಮೊಳದಷ್ಟು ಜಾಗವಿತ್ತು. ಅಲ್ಲಿ ಹಳೆಯ ಬಟ್ಟೆಚೀಲವೊಂದು ಸ್ಪ್ಯಾನರು, ಕಂಬಳಿ, ನೀರಿನ ಬಾಟಲಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಹಾಯಾಗಿತ್ತು. ಒಂದು ದಿನ ತೇಗದ ಖಾನೆಪೆಟ್ಟಿಗೆ ಬಂದು ಆ ಜಾಗವನ್ನೆಲ್ಲ ಆಕ್ರಮಿಸಿತು.

“ಛೀ, ಎಲ್ಲ ಕಲಸುಮೇಲೋಗರ! ಇನ್ನು ಪ್ರತಿಯೊಂದಕ್ಕೂ ಒಂದೊಂದು ಖಾನೆ,” ಎಂದು ಅಪ್ಪಣೆ ಕೊಡಿಸಿತು.

“ಮೂಗಿಗಿಂತ ಮೂಗುತಿ ಭಾರವಾಯಿತಲ್ಲ, ಪೆಟ್ಟಿಗೆರಾಯರೇ,” ಎಂದಿತು ಚೀಲ. ಯಾರೂ ಕೇಳಲಿಲ್ಲ. ಸಾಮಾನು ಖಾನೆ ಸೇರಿತು, ಬರಿದಾದ ಚೀಲ ಸೀಟಿನಡಿ ಸೇರಿತು.

ಎಷ್ಟು ಓಡಿದರೂ ವಿಮಾನ ನೆಲ ಬಿಡಲಿಲ್ಲ. ಏನನ್ನು ಇಳಿಸಲಿ ಎಂದು ಮಾಚಯ್ಯ ಹಿಂದಿರುಗಿ ನೋಡಿದ.

“ನನ್ನನ್ನು ಇಳಿಸಿದರೆ ಶಿಸ್ತಿನ ಗತಿಯೇನು, ಧಣಿ? ಸಾಮಾನನ್ನೇ ಇಳಿಸಿ,” ಎಂದಿತು ಪೆಟ್ಟಿಗೆ.

ಅಚ್ಚುಕಟ್ಟಿಗೆ ಮರುಳಾದ ಧಣಿ ಹಾಗೇ ಮಾಡಿದ. ವಿಮಾನ ಮೇಲೇರಿತು.

ಇಳಿಹೊತ್ತಿನಲ್ಲಿ ಇಂಜಿನ್ ಕೆಮ್ಮಿ ನಿಂತಿತು. ಹೇಗೋ ಬಟಾಬಯಲಲ್ಲಿ ಇಳಿದ ಮಾಚಯ್ಯ, “ಸ್ಪ್ಯಾನರೆಲ್ಲಿ?” ಎಂದು ಕೂಗಿದ.

ಪೆಟ್ಟಿಗೆ ಠೀವಿಯಿಂದ ಬಾಯಿ ತೆರೆಯಿತು. “ಇದೇ ನೋಡಿ ಸ್ಪ್ಯಾನರಿನ ಖಾನೆ. ಒಂದು ಚೂರು ಧೂಳಿಲ್ಲ.”

“ಚಳಿ ಶುರುವಾಯಿತು, ಧಣಿ. ಕಂಬಳಿಯೂ ಇಲ್ಲ,” ಎಂದಿತು ಸೀಟಿನಡಿಯ ಚೀಲ. “ತೇಗ ಚೆನ್ನಾಗಿ ಉರಿಯುತ್ತದಂತೆ.”