ಎರೆಹೊಲಕ್ಕೆ ಹಚ್ಚಿದ ತೇಪೆ

ಭೂಮಿ ಇನ್ನೂ ಹೊಸ ಸೀರೆಯ ಹಾಗೆ ಗರಿಗರಿಯಾಗಿದ್ದ ಕಾಲ. ನಮ್ಮ ಈ ಎರೆಹೊಲದ ಕರಿ ಮಣ್ಣು ಆಗ ಒಂದೇ ಹಾಸು. ಒಂದು ಬಿರುಕಿಲ್ಲ, ಒಂದು ಹರಕಿಲ್ಲ.

ಆದರೆ ಗಾಳಿಯ ಕೈ ಸುಮ್ಮನಿರುವುದಿಲ್ಲವಲ್ಲ! ಒಂದು ದಿನ ಜಾಲಿಯ ಮುಳ್ಳುಕಂಟಿಯನ್ನು ದರದರ ಎಳೆದುಕೊಂಡು ಓಡಿತು. ಕರಿ ಹಾಸು ಪರ್ರನೆ ಹರಿಯಿತು. ಒಳಗೆ ಬೆಚ್ಚಗೆ ಮಲಗಿದ್ದ ಜೋಳದ ಬೀಜಗಳು ಬಿಸಿಲಿಗೆ ಬಿದ್ದವು.

“ಮತ್ತೊಮ್ಮಿ ನೀ ಬಂದ್ರ ನನ್ನ ಬೀಜೆಲ್ಲ ಹಾರಿ ಹೋಗ್ತಾವಲ್ಲೋ ಗಾಳಪ್ಪಾ!” ಎಂದಳು ಭೂಮಿತಾಯಿ.

“ಸಂಜಿಗೆ ಬರಾಂವನ. ಬರದ ಇರೂದು ನನಗ ಗೊತ್ತಿಲ್ಲವ್ವ,” ಎಂದು ಗಾಳಿ ಗುಡ್ಡದಾಚೆ ಹೋಯಿತು.

ಬಟ್ಟೆ ಹೊಲಿಯುವ ಸಿಂಪಿಗರು ಆಗಿನ್ನೂ ಹುಟ್ಟಿರಲಿಲ್ಲ. ಹೊಳೆಯ ದಂಡೆಯಲ್ಲಿ ಬಾಳವ್ವ ಎಂಬ ಮುದುಕಿ ಇದ್ದಳು. ಭೂಮಿತಾಯಿ ಅವಳನ್ನೇ ಕರೆದಳು.

“ನನಗ ಚಂದಾಗಿ ಹೊಲಿಯಾಕ ಬರೂದಿಲ್ಲಬೇ ಯವ್ವಾ. ತ್ಯಾಪಿ ಹಚ್ಚೂದೊಂದ ಬರ್ತದ,” ಎಂದಳು ಬಾಳವ್ವ.

ತೇಪೆ ಅಂದರೆ ಗೊತ್ತಲ್ಲ ಮಗೂ? ಹರಿದ ಕಡೆ ಕೈಗೆ ಸಿಕ್ಕ ತುಂಡು ಇಟ್ಟು, ಕೈಗೆ ಬಂದ ಹಾಗೆ ಹೊಲಿಯುವುದು. ನಿನ್ನ ಚಡ್ಡಿಗೆ ಮೊನ್ನೆ ಹಚ್ಚಿದೆನಲ್ಲ, ಅದು. ಸೈಕಲ್ಲಿನ ಟ್ಯೂಬಿಗೂ ತೇಪೆ, ಸೋರುವ ಮಾಳಿಗೆಗೂ ತೇಪೆ. ಒಂದು ಸುಳ್ಳು ಮುಚ್ಚಲು ಇನ್ನೊಂದು ಸುಳ್ಳು ಹೇಳುವವನಿಗೂ ‘ತ್ಯಾಪಿ ಹಚ್ಚಬ್ಯಾಡೋ’ ಎನ್ನುತ್ತಾರೆ. ತೇಪೆ ಅಂದವಾಗಿಯೇ ಇರಬೇಕೆಂಬ ಕರಾರಿಲ್ಲ. ಅವತ್ತಿನ ಕೆಲಸ ಸಾಗಿದರೆ ಸಾಕು.

ಹೊಳೆ ತನ್ನ ಮೆಕ್ಕಲು ಮಣ್ಣಿನ ತುಂಡು ಕೊಟ್ಟಿತು. ಕರಿಕೆ ಹುಲ್ಲು ಬೇರಿನ ದಾರ ಕೊಟ್ಟಿತು. ಜಾಲಿ ಸೂಜಿ ಕೊಟ್ಟಿತು, ತಪ್ಪು ಅದರದೂ ಇತ್ತಲ್ಲ. ಬಾಳವ್ವ ಕೂತು ಹೊಲಿದಳು. ಹೊಲಿಗೆ ಡೊಂಕು, ಆದರೆ ಬಿಗಿ.

ಒಂದನ್ನು ಮಾತ್ರ ಮರೆತಳು. ನಮ್ಮ ಮನೆಗಳಲ್ಲಿ ಕೌದಿ ಹೊಲಿಯುವಾಗ ಕೊನೆಯ ತುಂಡು ಮುಚ್ಚುವ ಮುಂಚೆ ಒಳಗೆ ಒಂದು ಚೂರು ರೊಟ್ಟಿ ಇಡುತ್ತೇವೆ, ಹೊದೆಯುವ ಕೌದಿ ಹಸಿದಿರಬಾರದು ಎಂದು. ಗುಡ್ಡದಾಚೆ ಗಾಳಿ ಸುಂಯ್ ಎಂದದ್ದೇ ತಡ, ಬಾಳವ್ವ ರೊಟ್ಟಿ ಇಡದೆಯೇ ಗಡಬಡಿಸಿ ಗಂಟು ಹಾಕಿಬಿಟ್ಟಳು.

ಗಾಳಿ ಬಂತು, ಮೇಲೆ ಜಾರಿ ಹೋಯಿತು. ಒಂದು ಬೀಜವೂ ಹಾರಲಿಲ್ಲ. ಬಾಳವ್ವನ ಹಿಗ್ಗು ಏನು ಕೇಳುತ್ತೀ! ಹುಟ್ಟಿದಾಗಿನಿಂದ ಅವಳ ಕೈಕೆಲಸವನ್ನು ಯಾರೂ ಹೊಗಳಿರಲಿಲ್ಲ. ದಿನಾ ಬೆಳಿಗ್ಗೆ ಹೋಗಿ ಆ ಹೊಲಿಗೆಯ ಮೇಲೆ ಕೈಯಾಡಿಸಿ ಬರುತ್ತಿದ್ದಳು.

ಜೋಳ ಬೆಳೆಯಿತು, ತೆನೆಯಲ್ಲಿ ಕಾಳಿಲ್ಲ. ಮರುವರ್ಷ ತೆನೆಯೂ ಇಲ್ಲ. ಭೂಮಿತಾಯಿ ನರಳತೊಡಗಿದಳು.

“ಏನಾತಬೇ ಯವ್ವಾ?” ಎಂದಳು ಬಾಳವ್ವ.

“ಹಸಿವು, ಬಾಳವ್ವ. ನನ್ನ ಬಾಯೆಲ್ಲ ಹೊಲದೀ ನೀ. ಒಳಗ ಏನೂ ಬೀಳವಲ್ದು.”

“ಒಂದ ಕಡೆ ಬಿಚ್ಚಿ ರೊಟ್ಟಿ ಇಡ್ತೀನಿ.”

“ಒಂದ ರೊಟ್ಟಿಗೆ ತುಂಬೂ ಹೊಟ್ಟಿ ಏನಬೇ ಇದು?”

ಬಾಳವ್ವನಿಗೆ ಅಳು ಬಂತು. ತನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ ಕೆಲಸ. ಅದನ್ನು ತಾನೇ ಬಿಚ್ಚಬೇಕು.

“ಬಿಚ್ಚಿದ್ರ ಗಾಳಿ ಬೀಜ ಒಯ್ತದಲ್ಲ?” ಎಂದು ಅಳುತ್ತಲೇ ಕೇಳಿದಳು.

“ಬ್ಯಾಸಗ್ಯಾಗ ಬಿಚ್ಚು. ಆಗ ಬೀಜ ನಿಮ್ಮ ಮನ್ಯಾಗ ಇರ್ತಾವ,” ಎಂದಿತು ಹೊಳೆ.

“ಬಿತ್ತೂದಕ್ಕಿಂತ ಮೊದಲ ನಾ ಬಂದು ಮುಚ್ತೀನಿ,” ಎಂದಿತು ಮೇಲಿನಿಂದ ಮೋಡ.

ಬೇಸಗೆ ಬಂತು. ಬಾಳವ್ವ ಹೊಲದಲ್ಲಿ ಕೂತು, ಉಳಿದಿದ್ದ ಹಲ್ಲುಗಳಿಂದಲೇ ದಾರ ಕಡಿದಳು. ಕಡಿದಲ್ಲೆಲ್ಲ ಮಣ್ಣು ಬಾಯಿ ಬಿಟ್ಟಿತು. ಜೋಳದ ದಂಟಿನಿಂದ ಉದುರಿದ ರವದಿ, ಒಣ ಎಲೆ, ಕುರಿಯ ಹಿಕ್ಕೆ, ಎಲ್ಲ ಒಳಗೆ ಬಿದ್ದವು. ಭೂಮಿತಾಯಿ ಅವಸರವಿಲ್ಲದೆ ಉಂಡಳು. ಮೋಡ ಮಾತಿಗೆ ತಪ್ಪಲಿಲ್ಲ. ಮೊದಲ ಮಳೆಗೆ ಮಣ್ಣು ಉಬ್ಬಿ ಬಾಯಿ ಮುಚ್ಚಿತು. ಆ ವರ್ಷ ತೆನೆಯ ಭಾರಕ್ಕೆ ದಂಟು ಬಾಗಿತು.

ಬಾಳವ್ವನ ತೇಪೆ ನಿಲ್ಲಲಿಲ್ಲ ಎಂದು ನಗುವವರು ನಕ್ಕರು. ಅವಳಿಗೆ ತೆನೆ ಮುರಿಯುವ ಕೆಲಸವಿತ್ತು.

ಅದಕ್ಕೇ ಮಗೂ, ಇವತ್ತಿಗೂ ಬೇಸಗೆಯಲ್ಲಿ ಎರೆಹೊಲ ಬಿರಿಯುತ್ತದೆ, ಮಳೆ ಬಿದ್ದರೆ ತಾನೇ ಕೂಡಿಕೊಳ್ಳುತ್ತದೆ. ಆ ಬಿರುಕು ಕಂಡರೆ ಕಲ್ಲು ತುರುಕಿ ಮುಚ್ಚಲು ಹೋಗಬೇಡ, ಭೂಮಿತಾಯಿ ಉಣ್ಣುತ್ತಿದ್ದಾಳೆ.